ನಾಲಿಗೆಯ ಬಿಳಿ ಮಚ್ಚೆಗೆ ಬಯಾಪ್ಸಿ ಬೇಕೇ ಬೇಕಾ?

ಪ್ರಶ್ನೆ: ನಾಲಿಗೆಯ ಎಡ ಅಂಚಿನಲ್ಲಿ ಕಿರುಬೆರಳ ಉಗುರಿನಷ್ಟು ಬಿಳಿ ಮಚ್ಚೆ ಇದೆ. ಎರಡು ತಿಂಗಳಾಯಿತು, ನೋವಿಲ್ಲ. ದಂತವೈದ್ಯರು ಬಯಾಪ್ಸಿ ಮಾಡಿಸಿ ಎನ್ನುತ್ತಾರೆ. ಹಾಗಾದರೆ ಕ್ಯಾನ್ಸರ್ ಅಂತಾನಾ? ಬಣ್ಣ ಹಚ್ಚಿ ನೋಡುವ ಪರೀಕ್ಷೆ ಸಾಲದಾ?

ಉತ್ತರ: ಇಲ್ಲ, ಬಯಾಪ್ಸಿ (ಮಚ್ಚೆಯ ಚೂರು ತೆಗೆದು ಲ್ಯಾಬಿನಲ್ಲಿ ನೋಡುವ ಪರೀಕ್ಷೆ) ಅಂದ ತಕ್ಷಣ ಕ್ಯಾನ್ಸರ್ ಅಂತಲ್ಲ. ನೋವಿಲ್ಲ ಅಂತ ಸುಮ್ನೆ ಇರುವ ಹಾಗೂ ಇಲ್ಲ, ಇಂಥ ಮಚ್ಚೆಗಳು ಶುರುವಿನಲ್ಲಿ ನೋಯುವುದು ಕಡಿಮೆ. ಗಾಜ್ ಬಟ್ಟೆಯಿಂದ ಒರೆಸಿದರೆ ಬಿಳಿ ಪದರ ಎದ್ದು ಬಂದರೆ ಅದು ಬಹುಶಃ ಫಂಗಸ್. ಒರೆಸಿದರೂ ಹೋಗದೆ, ಬೇರೆ ಕಾರಣವೂ ಸಿಗದಿದ್ದರೆ ಅದನ್ನು ಲ್ಯುಕೋಪ್ಲೇಕಿಯಾ ಎನ್ನುತ್ತಾರೆ. ಬಹುಪಾಲು ಲ್ಯುಕೋಪ್ಲೇಕಿಯಾ ಕ್ಯಾನ್ಸರ್ ಆಗುವುದಿಲ್ಲ, ಆದರೆ ಯಾವುದು ಆಗುತ್ತದೆ ಅಂತ ಕಣ್ಣಿನಲ್ಲಿ ನೋಡಿ ಹೇಳಲು ಎಂಥ ಅನುಭವಿ ಡಾಕ್ಟರಿಗೂ ಆಗುವುದಿಲ್ಲ. ನಾಲಿಗೆಯ ಅಂಚು, ನಾಲಿಗೆಯ ಕೆಳಗಿನ ಭಾಗ ಜಾಸ್ತಿ ಅಪಾಯದ ಜಾಗಗಳು. ಮಚ್ಚೆಯೊಳಗೆ ಕೆಂಪು ಚುಕ್ಕೆ ಇದ್ದರೆ, ಮುಟ್ಟಿದಾಗ ಗಟ್ಟಿ ಅನಿಸಿದರೆ ಇನ್ನೂ ಬೇಗ ಹೋಗಿ.

ಪಕ್ಕದ ಹಲ್ಲು ಚೂಪಾಗಿದೆಯಾ? ಅದು ತಾಗಿ ತಾಗಿಯೂ ಬಿಳಿ ಮಚ್ಚೆ ಆಗಬಹುದು. ಅದನ್ನು ಉಜ್ಜಿಸಿ ನುಣುಪು ಮಾಡಿಸಿ, ಎರಡು ವಾರ ಕಾದು ನೋಡಬಹುದು. ಅದಕ್ಕಿಂತ ಜಾಸ್ತಿ ಬೇಡ.

ನೀಲಿ ಬಣ್ಣ ಹಚ್ಚುವ ಪರೀಕ್ಷೆ ಎಲ್ಲಿಂದ ತುಂಡು ತೆಗೆಯಬೇಕು ಅಂತ ತೋರಿಸಲು ಸರಿ, ಆದರೆ ಅದಾಗಲಿ, ಬ್ರಷ್‌ನಿಂದ ಕೋಶ ಕೆರೆದು ನೋಡುವ ಪರೀಕ್ಷೆಯಾಗಲಿ ಬಯಾಪ್ಸಿಗೆ ಬದಲಿ ಅಲ್ಲ. ಇಂಜೆಕ್ಷನ್ ಕೊಟ್ಟು ಮರಗಟ್ಟಿಸಿ, ಚೂರೇ ಚೂರು ತೆಗೆದು ಒಂದೆರಡು ಹೊಲಿಗೆ ಹಾಕುತ್ತಾರೆ, ಅಷ್ಟೇ. ರಿಪೋರ್ಟಿನಲ್ಲಿ 'ಡಿಸ್‌ಪ್ಲೇಸಿಯಾ' (ಮುಂದೆ ಕ್ಯಾನ್ಸರ್ ಆಗಬಹುದಾದ ಕೋಶ ಬದಲಾವಣೆ) ಇದೆಯಾ, ಇದ್ದರೆ ಎಷ್ಟು ಅಂತ ಕೇಳಿ. ಇಲ್ಲ ಅಂತ ಬಂದರೂ ತಪಾಸಣೆ ಬಿಡಬೇಡಿ, ತಂಬಾಕು ಇದ್ದರೆ ಇವತ್ತೇ ಬಿಡಿ.