ಓದುಗರ ಪ್ರಶ್ನೆ, ನಮ್ಮ ಉತ್ತರ: ರಷ್ಯನ್ ಒಪೆರಾ ಕೇಳುವುದು, ಹಾಡುವುದು

ರಷ್ಯನ್ ಒಪೆರಾ ಮತ್ತು ಅದರ ಗಾಯಕರ ಬಗ್ಗೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಇಲ್ಲಿ ಆರಿಸಿಕೊಂಡಿದ್ದೇವೆ. ಒಂದೇ ವಿಷಯ ಕೇಳಿದ ಪತ್ರಗಳನ್ನು ಒಟ್ಟಿಗೆ ಸೇರಿಸಿದ್ದೇವೆ.

ಪ್ರಶ್ನೆ: ಹಿಂದೂಸ್ತಾನಿ ಕೇಳಿ ಬೆಳೆದ ಕಿವಿ ನನ್ನದು. ಒಂದಾದರೂ ರಷ್ಯನ್ ಒಪೆರಾ ಪೂರ್ತಿ ನೋಡಬೇಕೆಂಬ ಆಸೆ. ಎರಡು ಸಲ ಶುರು ಮಾಡಿ ಅರ್ಧಕ್ಕೇ ಬಿಟ್ಟೆ. ಯಾವುದರಿಂದ ಆರಂಭಿಸಲಿ? (ಧಾರವಾಡ)

ಚೈಕೋವ್‌ಸ್ಕಿಯ 'ಯೆವ್ಗೆನಿ ಒನೆಗಿನ್' ಹಿಡಿಯಿರಿ. ಮೂರು ಅಂಕ, ಏಳು ದೃಶ್ಯ, ಸಂಗೀತ ಸುಮಾರು ಎರಡೂವರೆ ಗಂಟೆ. ಕಥೆ ಸಣ್ಣದು. ಹಳ್ಳಿಯ ಜಮೀನ್ದಾರರ ಮನೆಯ ಹುಡುಗಿ ತತ್ಯಾನಾ ಒನೆಗಿನ್‌ಗೆ ಪ್ರೇಮಪತ್ರ ಬರೆಯುತ್ತಾಳೆ. ಅವನು ಬುದ್ಧಿವಾದ ಹೇಳಿ ಕೈತೊಳೆದುಕೊಳ್ಳುತ್ತಾನೆ. ಆಮೇಲೆ ಗೆಳೆಯ ಲೆನ್‌ಸ್ಕಿಯನ್ನು ದ್ವಂದ್ವಯುದ್ಧದಲ್ಲಿ ಕೊಲ್ಲುತ್ತಾನೆ. ವರ್ಷಗಳು ಕಳೆದು ಅವಳ ಮುಂದೆ ಮಂಡಿಯೂರುವ ಹೊತ್ತಿಗೆ ಅವಳು ರಾಜಕುಮಾರ ಗ್ರೆಮಿನ್‌ನ ಹೆಂಡತಿ.

ಆದರೆ ಮೊದಲ ದಿನವೇ ಪೂರ್ತಿ ನೋಡಲು ಕೂರಬೇಡಿ. ಮೊದಲ ಅಂಕದಲ್ಲಿ ತತ್ಯಾನಾ ಪತ್ರ ಬರೆಯುವ ದೃಶ್ಯ, ಎರಡನೆಯದರಲ್ಲಿ ದ್ವಂದ್ವಕ್ಕೆ ಮುಂಚೆ ಲೆನ್‌ಸ್ಕಿ ಹಾಡುವುದು, ಮೂರನೆಯದರಲ್ಲಿ ಗ್ರೆಮಿನ್ ಹಾಡುವುದು: ಈ ಮೂರನ್ನು ಸಾಹಿತ್ಯದ ಅನುವಾದ ಕೈಯಲ್ಲಿಟ್ಟುಕೊಂಡು ಎರಡೆರಡು ಸಲ ಕೇಳಿ. ಪತ್ರದ ದೃಶ್ಯವೊಂದೇ ಹನ್ನೆರಡು ನಿಮಿಷ ದಾಟುತ್ತದೆ. ಅವಳು ಬರೆಯುತ್ತಾಳೆ, ಹರಿಯುತ್ತಾಳೆ, ಮತ್ತೆ ಬರೆಯುತ್ತಾಳೆ. ಲೇಖನಿ ಓಡುವಾಗ ಕಂಠ ಸುಮ್ಮನಿರುತ್ತದೆ, ಓಬೋ ಎಂಬ ಸುಷಿರ ವಾದ್ಯ ಮುಂದೆ ಬರುತ್ತದೆ. ಆ ಓಬೋದ ಸಾಲು ಕಿವಿಗೆ ಹತ್ತಿತೆಂದರೆ ಅರ್ಧ ಒಪೆರಾ ನಿಮ್ಮದಾದ ಹಾಗೆ.

ಅರ್ಧಕ್ಕೇ ಬಿಡುವುದಕ್ಕೆ ಸಾಮಾನ್ಯವಾಗಿ ಎರಡು ಕಾರಣ. ಒಂದು, ಒಂದೇ ಸಾಲನ್ನು ಬೆಳೆಸುತ್ತ ಹೋಗುತ್ತಾರೆಂದು ಕಾಯುವುದು. ಇಲ್ಲಿ ವಿಸ್ತಾರಕ್ಕೆ ಜಾಗವಿಲ್ಲ, ಪ್ರತಿ ಸಾಲೂ ಕಥೆಯನ್ನು ಮುಂದೆ ತಳ್ಳುತ್ತದೆ. ಇನ್ನೊಂದು, ಹೆಸರುಗಳ ಗೋಜಲು. ತಾನ್ಯಾ, ತತ್ಯಾನಾ ಎರಡೂ ಒಬ್ಬಳೇ, ಪಾತ್ರಪಟ್ಟಿಯ ಲಾರಿನಾ ಮಾತ್ರ ಅವಳ ತಾಯಿ. ಪಾತ್ರಗಳ ಪಟ್ಟಿಯನ್ನು ಒಂದು ಚೀಟಿಯಲ್ಲಿ ಬರೆದು ಪಕ್ಕದಲ್ಲಿಟ್ಟುಕೊಳ್ಳಿ. ಪ್ರೊಕೊಫಿಯೆವ್‌ನ 'ಯುದ್ಧ ಮತ್ತು ಶಾಂತಿ'ಯಿಂದ ಶುರು ಮಾಡಿದ್ದರೆ ಬಿಟ್ಟದ್ದರಲ್ಲಿ ನಿಮ್ಮ ತಪ್ಪೇನಿಲ್ಲ. ಅದರಲ್ಲಿ ಹದಿಮೂರು ದೃಶ್ಯ, ಎಪ್ಪತ್ತರ ಹತ್ತಿರ ಪಾತ್ರ.

ಲೆನ್‌ಸ್ಕಿಗೆ ಯಾರ ಧ್ವನಿಮುದ್ರಣ ಎಂದು ಇನ್ನೊಬ್ಬರು ಕೇಳಿದ್ದಾರೆ. ಸೆರ್ಗೆಯ್ ಲೆಮೆಷೆವ್ ಮತ್ತು ಇವಾನ್ ಕೊಜ್ಲೋವ್‌ಸ್ಕಿ ಇಬ್ಬರನ್ನೂ ಕೇಳಿ. ಮಾಸ್ಕೋದಲ್ಲಿ ಇವರಿಬ್ಬರ ಅಭಿಮಾನಿಗಳದ್ದು ಎರಡು ಪಂಗಡವೇ ಆಗಿತ್ತು. ಕೊಜ್ಲೋವ್‌ಸ್ಕಿ ಮೇಲಿನ ಸ್ವರವನ್ನು ಹಿಡಿದು ಆಡಿಸುತ್ತಾರೆ. ಲೆಮೆಷೆವ್ ಮಾತನ್ನು ಮುಂದಿಡುತ್ತಾರೆ. ನಮ್ಮ ಓಟು ಲೆಮೆಷೆವ್‌ಗೆ.

ಪ್ರಶ್ನೆ: ನನ್ನ ಬಳಿ 'ಬೋರಿಸ್ ಗೊದುನೊವ್' ಎರಡು ಧ್ವನಿಮುದ್ರಣಗಳಿವೆ. ಒಂದು ಬೋರಿಸ್‌ನ ಸಾವಿನಿಂದ ಮುಗಿಯುತ್ತದೆ, ಇನ್ನೊಂದು ಹುಚ್ಚನೊಬ್ಬನ ಅಳುವಿನಿಂದ. ಒಂದರಲ್ಲಿ ನಾಯಕಿಯೇ ಇಲ್ಲ. ಯಾವುದು ಸರಿ? (ಮೈಸೂರು)

ಎರಡೂ ಸರಿ. ತ್ಸಾರ್ ಬೋರಿಸ್‌ನ ಕಥೆಯಾದ ಇದನ್ನು ಸಂಯೋಜಕ ಮುಸೊರ್ಗ್‌ಸ್ಕಿ ಎರಡು ಸಲ ಬರೆದ. 1869ರ ಮೊದಲ ರೂಪದಲ್ಲಿ ಏಳೇ ದೃಶ್ಯ, ಎರಡು ಗಂಟೆಗಿಂತ ಸ್ವಲ್ಪ ಹೆಚ್ಚು. ದೊಡ್ಡ ಸ್ತ್ರೀಪಾತ್ರವೇ ಇಲ್ಲವೆಂಬುದು ರಾಜರಂಗಮಂದಿರಗಳ ಸಮಿತಿ ಅದನ್ನು ತಿರಸ್ಕರಿಸಲು ಮುಖ್ಯ ಕಾರಣವಾಯಿತು. ಅವನು ಸುಮ್ಮನೆ ಒಂದು ಹಾಡು ಸೇರಿಸಿ ಕೊಡಲಿಲ್ಲ, ಇಡೀ ಕೃತಿಯನ್ನು ಮತ್ತೆ ಕಟ್ಟಿದ. 1872ರ ರೂಪದಲ್ಲಿ ಪೋಲೆಂಡ್‌ನಲ್ಲಿ ನಡೆಯುವ ಒಂದು ಅಂಕವೂ ಮರೀನಾ ಎಂಬ ಪಾತ್ರವೂ ಬಂದವು. ಮಾಸ್ಕೋದ ಸಂತ ವಸಿಲಿ ಚರ್ಚಿನ ಮುಂದಿನ ದೃಶ್ಯ ಹೋಯಿತು. ಕೊನೆಗೆ ಕ್ರೋಮಿ ಕಾಡಿನ ದಂಗೆಯ ದೃಶ್ಯ ಸೇರಿತು. 1874ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನ ಮಾರಿಯಿನ್‌ಸ್ಕಿ ರಂಗಮಂದಿರದಲ್ಲಿ ರಂಗಕ್ಕೆ ಬಂದದ್ದು ಈ ಎರಡನೆಯದು. ಮುಸೊರ್ಗ್‌ಸ್ಕಿ ತೀರಿಹೋದ ಮೇಲೆ ಇನ್ನೊಬ್ಬ ಸಂಯೋಜಕ ರಿಮ್‌ಸ್ಕಿ-ಕೊರ್ಸಾಕೊವ್ ಅದನ್ನು ತಿದ್ದಿ, ವಾದ್ಯಸಂಯೋಜನೆಯನ್ನು ಹೊಸದಾಗಿ ಮಾಡಿ, ಕೊನೆಯ ಎರಡು ದೃಶ್ಯಗಳನ್ನು ಅದಲುಬದಲು ಮಾಡಿದರು.

ಇಷ್ಟು ಗೊತ್ತಿದ್ದರೆ ಪೆಟ್ಟಿಗೆಯ ಹಿಂದಿನ ದೃಶ್ಯಪಟ್ಟಿ ಓದಿಯೇ ಹೇಳಬಹುದು. ಪೋಲಿಷ್ ಅಂಕವಿಲ್ಲದೆ ಸಾವಿನಲ್ಲಿ ಮುಗಿದರೆ 1869. ಪೋಲಿಷ್ ಅಂಕವಿದ್ದು, ಕ್ರೋಮಿಯಲ್ಲಿ ಹುಚ್ಚನ ಅಳುವಿನಿಂದ ಮುಗಿದರೆ 1872. ಪೋಲಿಷ್ ಅಂಕವೂ ಇದೆ, ಕ್ರೋಮಿಯೂ ಇದೆ, ಆದರೂ ಸಾವೇ ಕೊನೆ ಎಂದಾದರೆ ರಿಮ್‌ಸ್ಕಿ-ಕೊರ್ಸಾಕೊವ್ ಹಾಕಿದ ಕ್ರಮ. ಚರ್ಚಿನ ದೃಶ್ಯ, ಕ್ರೋಮಿ ಎರಡೂ ಇದ್ದರೆ ಅದು ಬೆರಕೆ. ಬೆರಕೆಯಲ್ಲಿ ಒಂದು ತೊಡಕಿದೆ. ಹುಡುಗರು ಹುಚ್ಚನ ಕೈಯಿಂದ ಕಾಸು ಕಿತ್ತುಕೊಳ್ಳುವ ಪ್ರಸಂಗವನ್ನು ಮುಸೊರ್ಗ್‌ಸ್ಕಿ ಚರ್ಚಿನ ದೃಶ್ಯದಿಂದ ಎತ್ತಿ ಕ್ರೋಮಿಗೆ ಒಯ್ದಿದ್ದ. ಎರಡನ್ನೂ ಆಡಿದರೆ ಆ ಪಾಪದವನು ಒಂದೇ ರಾತ್ರಿ ಎರಡು ಸಲ ಕಾಸು ಕಳೆದುಕೊಳ್ಳುತ್ತಾನೆ, ನಿರ್ದೇಶಕರು ಒಂದು ಕಡೆ ಕತ್ತರಿ ಹಾಕದಿದ್ದರೆ.

ಒಟ್ಟಿಗೆ ಹೋಲಿಸಬೇಕೆಂದರೆ, 1990ರ ದಶಕದ ಕೊನೆಯಲ್ಲಿ ವಲೇರಿ ಗೆರ್ಗಿಯೆವ್ ನಿರ್ದೇಶನದಲ್ಲಿ ಮಾರಿಯಿನ್‌ಸ್ಕಿ ಕಲಾವಿದರು ಎರಡೂ ರೂಪಗಳನ್ನು ಒಂದೇ ಕಟ್ಟಿನಲ್ಲಿ ಧ್ವನಿಮುದ್ರಿಸಿದ್ದಾರೆ. ಮೊದಲ ರೂಪಕ್ಕೆ ಬೋರಿಸ್ ಆಗಿ ಬ್ಯಾರಿಟೋನ್ (ಗಂಡಿನ ನಡುಮಟ್ಟದ) ಕಂಠದ ನಿಕೊಲಾಯ್ ಪುತಿಲಿನ್, ಎರಡನೆಯದಕ್ಕೆ ಬಾಸ್ (ಗಂಡಿನ ಮಂದ್ರ) ಕಂಠದ ವ್ಲದೀಮಿರ್ ವನೆಯೆವ್.

ಪ್ರಶ್ನೆ: ಬೇರೆಡೆ ಟೆನರ್ (ಗಂಡಿನ ಎತ್ತರದ ಕಂಠ) ನಾಯಕ, ರಷ್ಯನ್ನರಲ್ಲಿ ಮಾತ್ರ ಅಷ್ಟೊಂದು ಬಾಸ್ ಪಾತ್ರಗಳೇಕೆ? ಬೋರಿಸ್ ಪಾತ್ರ ಅಷ್ಟು ಕಷ್ಟವೇ? (ಶಿವಮೊಗ್ಗ)

ಆರ್ಥೊಡಾಕ್ಸ್ ಚರ್ಚಿನಲ್ಲಿ ವಾದ್ಯವಿಲ್ಲ, ಎಲ್ಲವೂ ಕಂಠದ ಮೇಲೆಯೇ ನಡೆಯಬೇಕು. ಮೇಳಕ್ಕೆ ತಳ ಕೊಡುವ ಮಂದ್ರದ ಗಾಯಕರಿಗೆ ಅಲ್ಲಿ ಹಿಂದಿನಿಂದಲೂ ಬೆಲೆ. ಒಪೆರಾ ಬರೆಯುವವರಿಗೆ ಇಂಥ ಕಂಠಗಳು ಕೈಗೆಟುಕುವಂತಿದ್ದವು. 1836ರಲ್ಲಿ ಗ್ಲಿಂಕಾನ 'ತ್ಸಾರ್‌ಗಾಗಿ ಪ್ರಾಣ'ದ ನಾಯಕ ಸುಸಾನಿನ್ ಬಾಸ್, ಹಾಡಿದವರು ಓಸಿಪ್ ಪೆತ್ರೊವ್. ಅದೇ ಪೆತ್ರೊವ್ 1874ರಲ್ಲಿ 'ಬೋರಿಸ್'ನ ಕುಡುಕ ಸನ್ಯಾಸಿ ವರ್ಲಾಮ್ ಆಗಿ ರಂಗದ ಮೇಲಿದ್ದರು.

ಬಾಸ್ ಎಂದರೆ ಎಲ್ಲವೂ ಒಂದೇ ಅಲ್ಲ. ಗ್ರೆಮಿನ್‌ನ ಹಾಡು ಕೊನೆಯಲ್ಲಿ ಕೆಳಗಿನ ಜಿ ಫ್ಲ್ಯಾಟ್‌ಗೆ ಇಳಿಯುತ್ತದೆ. ಆ ಸ್ವರ ಸಭಾಂಗಣದ ಹಿಂದಿನ ಸಾಲಿಗೆ ಕೇಳಬೇಕು, ಒತ್ತಿದರೆ ಬರೀ ಗಾಳಿ. ಬೋರಿಸ್‌ನದು ತಿರುಗಾಮುರುಗಾ: ಕೆಳಗಿಗಿಂತ ಮೇಲೇ ಕೆಲಸ, ಮಧ್ಯ ಸಿ ದಾಟಿ ಎಫ್‌ವರೆಗೆ ಹೋಗಿ ಅಲ್ಲೇ ಮಾತಾಡಬೇಕು. ಅದಕ್ಕೇ ಬ್ಯಾರಿಟೋನ್‌ಗಳೂ ಹಾಡುತ್ತಾರೆ, 1874ರ ಮೊದಲ ಬೋರಿಸ್ ಇವಾನ್ ಮೆಲ್ನಿಕೊವ್ ಬ್ಯಾರಿಟೋನೇ.

ಕಷ್ಟ ಸ್ವರದಲ್ಲಿಲ್ಲ, ಹಂಚಿಕೆಯಲ್ಲಿದೆ. ಪಟ್ಟಾಭಿಷೇಕದಲ್ಲಿ ಬೋರಿಸ್‌ಗೆ ಕೆಲವೇ ನಿಮಿಷದ ಹಾಡು, ಅದೂ ಗಂಟೆಗಳ ಮೊಳಗಿನ ನಡುವೆ, ಗಂಟಲು ಬಿಸಿಯಾಗುವ ಮುಂಚೆ. ಆಮೇಲೆ ಅರಮನೆಯ ದೃಶ್ಯ: ದೀರ್ಘ ಸ್ವಗತ, ಆಸ್ಥಾನದ ಶೂಯ್‌ಸ್ಕಿಯೊಂದಿಗೆ ಜಟಾಪಟಿ, ಕೊನೆಗೆ ಗಡಿಯಾರ ಸದ್ದು ಮಾಡುವಾಗ, ಪಟ್ಟಕ್ಕಾಗಿ ತಾನು ಕೊಲ್ಲಿಸಿದ ಮಗು ಕಣ್ಣಮುಂದೆ ಬರುವ ಭ್ರಮೆ. ಯಕ್ಷಗಾನದಲ್ಲಿ ಭಾಗವತರು ಹಾಡುತ್ತಾರೆ, ವೇಷಧಾರಿ ಅರ್ಥ ಹೇಳುತ್ತಾನೆ. ಇಲ್ಲಿ ಎರಡೂ ಒಬ್ಬನದೇ ಪಾಲು. ಭ್ರಮೆಯ ದೃಶ್ಯವನ್ನು ಕೂಗಿ ತೀರಿಸಿದವನಿಗೆ ಸಾವಿನ ದೃಶ್ಯಕ್ಕೆ ಮೆಲುದನಿ ಉಳಿಯುವುದಿಲ್ಲ, ಸಾವಿನ ದೃಶ್ಯ ನಿಲ್ಲುವುದೇ ಮೆಲುದನಿಯ ಮೇಲೆ. 1872ರ ರೂಪದಲ್ಲಿ ನಡುವೆ ಪೋಲಿಷ್ ಅಂಕವಿದೆ, ಗಾಯಕ ಕೋಣೆಗೆ ಹೋಗಿ ದಣಿವಾರಿಸಿಕೊಳ್ಳಬಹುದು. 1869ರಲ್ಲಿ ಆ ಅನುಕೂಲವಿಲ್ಲ.

ಫ್ಯೋದೊರ್ ಚಾಲಿಯಾಪಿನ್ 1898ರಲ್ಲಿ ಮಾಸ್ಕೋದ ಮಾಮೊಂತೊವ್ ಖಾಸಗಿ ಒಪೆರಾದಲ್ಲಿ ಈ ಪಾತ್ರ ಹಿಡಿದರು, 1908ರಲ್ಲಿ ಪ್ಯಾರಿಸ್‌ಗೆ ಒಯ್ದರು. ಹಾಡುತ್ತ ಹಾಡುತ್ತ ಪಿಸುಮಾತಿಗೆ ಜಾರುವುದು, ಸಾಲಿನ ಕೊನೆಯ ಸ್ವರವನ್ನು ಮಾತಿನಂತೆ ಕೈಬಿಡುವುದು ಅವರಿಂದ ಎಲ್ಲರೂ ಕಲಿತದ್ದು. ಕಲಿತವರಲ್ಲಿ ಅನೇಕರು ಅದನ್ನೇ ಅತಿಮಾಡಿ, ಬರೆದ ಸ್ವರಗಳನ್ನೇ ನುಂಗಿ ಗುರುಗುಟ್ಟುತ್ತಾರೆ. ಅಳತೆಗೋಲು ಬೇಕಿದ್ದರೆ, ಸ್ವಗತದ ಮೊದಲ ಒಂದು ನಿಮಿಷ ಸ್ವರಲಿಪಿ ನೋಡುತ್ತ ಕೇಳಿ. ಅಲ್ಲಿ ಕೂಗಲು ಕಾರಣವೇ ಇಲ್ಲ. ಅಲ್ಲೇ ಕೂಗಿದ್ದರೆ ಮುಂದಕ್ಕೆ ಕೇಳುವ ಅಗತ್ಯವಿಲ್ಲ.

ಪ್ರಶ್ನೆ: ಮಂಗಳೂರಿನವಳು, ಬೆಂಗಳೂರಿನಲ್ಲಿ ಪಾಶ್ಚಾತ್ಯ ಗಾಯನ ಕಲಿಯುತ್ತಿದ್ದೇನೆ. ರಷ್ಯನ್ ಬಾರದೆ ರಷ್ಯನ್ ಆರಿಯ (ಒಪೆರಾದಲ್ಲಿ ಒಬ್ಬರೇ ಹಾಡುವ ಹಾಡು) ಹಾಡಬಹುದೇ? ಹೇಗೆ ಅಭ್ಯಾಸ ಮಾಡಲಿ? ತಮ್ಮ ಟೆನರ್, ಅವನಿಗೂ ಲೆನ್‌ಸ್ಕಿ ಹಾಡಬೇಕಂತೆ.

ಮಾತಾಡಲು ಬಾರದಿದ್ದರೂ ನಡೆಯುತ್ತದೆ, ಓದಲು ಮಾತ್ರ ಬರಲೇಬೇಕು. 33 ಅಕ್ಷರ, ವಾರವೆರಡರಲ್ಲಿ ಬರುತ್ತದೆ. ರೋಮನ್ ಲಿಪ್ಯಂತರ ನಂಬಬೇಡಿ: ಅನೇಕ ಪ್ರತಿಗಳಲ್ಲಿ 'ವೈ' ಎಂಬ ಒಂದೇ ಅಕ್ಷರ ಎರಡು ಬೇರೆ ಧ್ವನಿಗಳಿಗೆ ನಿಲ್ಲುತ್ತದೆ, ನೀವು ಎರಡನ್ನೂ ಒಂದೇ ಮಾಡಿ ಹಾಡುತ್ತೀರಿ. ಸ್ವರಲಿಪಿ ಕೊಳ್ಳುವಾಗಲೂ ಸ್ವರದ ಕೆಳಗೆ ರಷ್ಯನ್ ಲಿಪಿಯ ಸಾಹಿತ್ಯವಿದೆಯೇ ನೋಡಿ, ಹಳೆಯ ಮುದ್ರಣಗಳಲ್ಲಿ ಬರೀ ಜರ್ಮನ್ ಇರುತ್ತದೆ.

ತಮ್ಮನ ಲೆನ್‌ಸ್ಕಿಯ ಮೊದಲ ಸಾಲನ್ನೇ ಬಿಡಿಸೋಣ. ಕನ್ನಡ ಲಿಪಿಯಲ್ಲಿ ಹತ್ತಿರಹತ್ತಿರ ಹೀಗೆ: 'ಕುದಾ, ಕುದಾ, ಕುದಾ ವಿ ಉದಲೀಲಿಸ್, ವೆಸ್ನಿ ಮಯೇಯ್ ಜ್ಲತೀಯೆ ದ್ನಿ'. ಇದರಲ್ಲಿ 'ವಿ', 'ವೆಸ್ನಿ', 'ಜ್ಲತೀಯೆ' ಮೂರರಲ್ಲೂ ನಾವು ಇಕಾರ ಬರೆದದ್ದು ಇಕಾರವಲ್ಲ. ತುಟಿ ಇಕಾರದಂತೆ ಅಗಲ, ನಾಲಿಗೆ ಮಾತ್ರ ಹಿಂದೆ. ನೀವು ತುಳು ಬಲ್ಲವರಾದರೆ, ತುಳು ಪದಗಳ ಕೊನೆಯ ಅರೆ ಉಕಾರ ಇದರ ನೆರೆಯ ಧ್ವನಿ, ಅಲ್ಲಿಂದ ಸ್ವಲ್ಪ ಮುಂದೆ ತನ್ನಿ. 'ದ್ನಿ'ಯಲ್ಲಿರುವುದು ನಿಜವಾದ ಇ. ಇವೆರಡನ್ನು ಬೇರೆ ಮಾಡದಿದ್ದರೆ ಸಾಲು ಕೆಟ್ಟಿತು. ಇನ್ನು 'ಉದಲೀಲಿಸ್'ನ ಎರಡು ಲಕಾರ ಮೆದು, ನಾಲಿಗೆಯ ನಡು ಅಂಗುಳಿಗೆ ಏರಬೇಕು. 'ಜ್ಲತೀಯೆ'ಯದು ಗಡಸು, ನಾಲಿಗೆಯ ಹಿಂಭಾಗ ತುಂಬಿದಂತೆ. ಆ ಪದದ ಮೊದಲ ಜಕಾರವನ್ನು 'ಜ಼ೂ' ಎನ್ನುವಾಗಿನಂತೆ ಹಲ್ಲಿನ ಬಳಿ ಜುಯ್‌ಗುಟ್ಟಿಸಿ.

ಕನ್ನಡಿಗರಿಗೆ ಒಂದು ಲಾಭವಿದೆ: ರಷ್ಯನ್ನಿನ ತ, ದ ನಮ್ಮವೇ, ಹಲ್ಲಿಗೆ ತಾಗುವಂಥವು. ಪ, ಕ ಕೂಡ ಮಹಾಪ್ರಾಣವಿಲ್ಲದವು. ಇಂಗ್ಲಿಷ್ ಹಾಡಿ ಬಂದವರು ಟ, ಡ ತಂದು ಇದನ್ನು ಕೈಯಾರೆ ಕಳೆದುಕೊಳ್ಳುತ್ತಾರೆ.

ಕ್ರಮ ಹೀಗಿರಲಿ. ರಷ್ಯನ್ ಮಾತೃಭಾಷೆಯವರಿಂದ ಸಾಹಿತ್ಯವನ್ನು ನಿಧಾನವಾಗಿ ಓದಿಸಿ ಧ್ವನಿಮುದ್ರಿಸಿಕೊಳ್ಳಿ. ಪ್ರತಿ ಪದದಲ್ಲೂ ಒತ್ತು ಬೀಳುವ ಸ್ವರಕ್ಕೆ ಪೆನ್ಸಿಲ್ ಗುರುತು ಹಾಕಿ. ಒತ್ತಿಲ್ಲದ ಓಕಾರ ಅಕಾರದ ಕಡೆ ವಾಲುತ್ತದೆ, ಮೇಲಿನ 'ಮಯೇಯ್' ಬರಹದಲ್ಲಿ 'ಮೊ' ಎಂದೇ ಇದೆ. ಮೆದು ವ್ಯಂಜನಗಳಿಗೆ ಬೇರೆ ಗುರುತು. ಆಮೇಲೆ ತಾಳಕ್ಕೆ ಸರಿಯಾಗಿ ಬರೀ ಮಾತು, ನಂತರ ಬರೀ ಸ್ವರಾಕ್ಷರಗಳಲ್ಲಿ ರಾಗ, ಕೊನೆಗೆ ಎರಡೂ ಸೇರಿಸಿ. ಮೆದು ವ್ಯಂಜನದ ನಂತರ ಪೂರ್ತಿ ಯಕಾರ ಸೇರಿಸಿ ಹಾಡುವುದು ಹೊಸಬರ ದೊಡ್ಡ ತಪ್ಪು, ಒಂದು ಅಕ್ಷರ ಎರಡಾಗಿ ಲಯ ಕಾಲೆಳೆಯುತ್ತದೆ.

ಸೊಪ್ರಾನೋ (ಹೆಣ್ಣಿನ ಎತ್ತರದ ಕಂಠ) ಆಗಿದ್ದರೆ ಪತ್ರದ ದೃಶ್ಯವನ್ನು ಈಗಲೇ ಮುಟ್ಟಬೇಡಿ, ಚೈಕೋವ್‌ಸ್ಕಿಯ ಬಿಡಿ ಹಾಡುಗಳಿಂದ ಶುರುಮಾಡಿ. ಕೆಳಗಿನ ಕಂಠವಾದರೆ 'ಒನೆಗಿನ್'ನಲ್ಲಿ ತತ್ಯಾನಾಳ ತಂಗಿ ಓಲ್ಗಾಳ ಹಾಡು, ಇಲ್ಲವೇ ರಿಮ್‌ಸ್ಕಿ-ಕೊರ್ಸಾಕೊವ್‌ನ 'ಹಿಮಕನ್ಯೆ'ಯಲ್ಲಿ ದನಗಾಹಿ ಲೆಲ್ ಹಾಡುವವು. ತಮ್ಮನಿಗೆ ಚೈಕೋವ್‌ಸ್ಕಿಯ 'ಇಸ್ಪೀಟ್ ರಾಣಿ'ಯ ಗೆರ್ಮನ್ ಪಾತ್ರ ಹತ್ತು ವರ್ಷ ಬೇಡ. ಲೆನ್‌ಸ್ಕಿ ಆಗಲಿ. 1879ರಲ್ಲಿ 'ಒನೆಗಿನ್' ಮೊದಲು ಆಡಿದವರೇ ಮಾಸ್ಕೋ ಸಂಗೀತಶಾಲೆಯ ವಿದ್ಯಾರ್ಥಿಗಳು.

ಪ್ರಶ್ನೆ: ಮೈಕ್ ಇಲ್ಲದೆ ಅಷ್ಟು ದೊಡ್ಡ ವಾದ್ಯವೃಂದದ ಮೇಲೆ ದನಿ ಕೇಳುವುದು ಹೇಗೆ? (ಉಡುಪಿ)

ಜೋರಿನಿಂದಲ್ಲ. ವಾದ್ಯವೃಂದದ ಶಕ್ತಿ ಸುಮಾರು 500 ಹರ್ಟ್ಸ್ ಹತ್ತಿರ ಹೆಚ್ಚು, ಮೇಲೆ ಹೋದಂತೆ ಇಳಿಯುತ್ತದೆ. ಪಳಗಿದ ಗಂಡು ಕಂಠದಲ್ಲಿ 3000 ಹರ್ಟ್ಸ್ ಆಸುಪಾಸಿನಲ್ಲಿ ಇನ್ನೊಂದು ಏರು ಇರುತ್ತದೆ, ಅಲ್ಲಿ ಪೈಪೋಟಿ ಕಡಿಮೆ. ನಮ್ಮ ಕಿವಿಯೂ ಅಲ್ಲೇ ಚುರುಕು.

ಪ್ರಶ್ನೆ: ಭಾರತದ ನೆಂಟಸ್ತಿಕೆ ಏನಾದರೂ ಇದೆಯೇ? (ಹಾಸನ)

ರಿಮ್‌ಸ್ಕಿ-ಕೊರ್ಸಾಕೊವ್‌ನ 'ಸದ್ಕೊ' (1898) ಒಪೆರಾದಲ್ಲಿ ರಷ್ಯಾದ ನೊವ್ಗೊರೊದ್ ಪೇಟೆಗೆ ಮೂವರು ಪರದೇಶಿ ವ್ಯಾಪಾರಿಗಳು ಬಂದು ತಮ್ಮ ನಾಡಿನ ಗುಣಗಾನ ಮಾಡುತ್ತಾರೆ. ವರಾಂಗಿಯನ್ (ಉತ್ತರದ ವೈಕಿಂಗ್) ಬಾಸ್, ವೆನಿಸ್‌ನವನು ಬ್ಯಾರಿಟೋನ್, ಭಾರತದವನು ಟೆನರ್. ಎಣಿಸಲಾಗದ ವಜ್ರ, ಮುತ್ತು, ಹೆಣ್ಣಿನ ಮುಖದ ಹಕ್ಕಿ: ಇಷ್ಟೇ ನಮ್ಮ ಬಗ್ಗೆ. ಅದರಲ್ಲಿ ಭಾರತೀಯ ರಾಗ ಹುಡುಕಬೇಡಿ, ಸಿಗದು. ಹಾಡು ಮಾತ್ರ ಸೊಗಸು, ಉದ್ದ ಉಸಿರಿನ ಪರೀಕ್ಷೆಗೆ ಹೇಳಿಮಾಡಿಸಿದ್ದು.

ಕರ್ನಾಟಕದ ಕೊಂಡಿ ಮೈಸೂರಿನದು. ಮಹಾರಾಜ ಜಯಚಾಮರಾಜೇಂದ್ರ ಒಡೆಯರ್ 1940ರ ದಶಕದ ಕೊನೆಯಲ್ಲಿ ರಷ್ಯನ್ ಸಂಯೋಜಕ ನಿಕೊಲಾಯ್ ಮೆಟ್ನರ್‌ನ ಕೃತಿಗಳ ಧ್ವನಿಮುದ್ರಣಕ್ಕೆ ಹಣ ಕೊಟ್ಟರು. ಮೆಟ್ನರ್ ಒಪೆರಾ ಬರೆದವನಲ್ಲ. ಆದರೆ ಆ ತಟ್ಟೆಗಳಲ್ಲಿ ಅವನ ಹಾಡುಗಳನ್ನು ಹಾಡಿದವರಲ್ಲಿ ಓದಾ ಸ್ಲೊಬೊದ್‌ಸ್ಕಾಯಾ ಒಬ್ಬರು, 1922ರಲ್ಲಿ ಪ್ಯಾರಿಸ್‌ನಲ್ಲಿ ಸ್ಟ್ರಾವಿನ್‌ಸ್ಕಿಯ 'ಮಾವ್ರಾ' ಒಪೆರಾದ ಮೊದಲ ನಾಯಕಿ.

ಪ್ರಶ್ನೆ: ಕೆಲಸದ ಮೇಲೆ ಮಾಸ್ಕೋ, ಪೀಟರ್ಸ್‌ಬರ್ಗ್‌ಗೆ ಹೋಗುತ್ತಿದ್ದೇನೆ. ಟಿಕೆಟ್ ತೆಗೆಯುವಾಗ ಏನು ನೋಡಬೇಕು? (ಹುಬ್ಬಳ್ಳಿ)

ಯಾವ ಸಭಾಂಗಣ ಎಂಬುದನ್ನು ಮೊದಲು ನೋಡಿ. ಮಾಸ್ಕೋದ ಬೊಲ್ಷೊಯ್ ರಂಗಮಂದಿರಕ್ಕೆ ಹಳೆಯ ಕಟ್ಟಡದ 'ಐತಿಹಾಸಿಕ ರಂಗ'ವೂ 2002ರಲ್ಲಿ ತೆರೆದ 'ಹೊಸ ರಂಗ'ವೂ ಬೇರೆ ಬೇರೆ. ಮಾರಿಯಿನ್‌ಸ್ಕಿಗೆ ಮೂರು: ಹಳೆಯದು, ಕಾಲುವೆಯಾಚೆ 2013ರಲ್ಲಿ ತೆರೆದ ಎರಡನೆಯದು, ಸ್ವಲ್ಪ ದೂರದ ಕಛೇರಿ ಸಭಾಂಗಣ. ತಪ್ಪು ಬಾಗಿಲಲ್ಲಿ ನಿಂತು ಮೊದಲ ಅಂಕ ಕಳೆದುಕೊಳ್ಳುವವರು ಕಡಿಮೆಯಿಲ್ಲ. ಹಳೆಯ ಕಟ್ಟಡಗಳಲ್ಲಿ ಪಕ್ಕದ ಬಾಲ್ಕನಿಯ ಅಗ್ಗದ ಸೀಟಿನಿಂದ ಅರ್ಧ ರಂಗ ಕಾಣದು. ಅದೇ ದುಡ್ಡಿಗೆ ಮೇಲಿನ ಅಂತಸ್ತಿನ ನಡುಭಾಗ ಸಿಕ್ಕರೆ ಅದೇ ವಾಸಿ, ದನಿ ಅಲ್ಲಿಗೆ ಚೆನ್ನಾಗಿ ಏರುತ್ತದೆ.

ಮೂರು ಸಲ ಗಂಟೆ ಬಾರಿಸುತ್ತಾರೆ, ಮೂರನೆಯದಕ್ಕೆ ಸೀಟಿನಲ್ಲಿರಿ. ಚಳಿಗಾಲದ ಕೋಟನ್ನು ಕೆಳಗೆ ಕೊಟ್ಟೇ ಹೋಗಬೇಕು. ಕೊಡುವಾಗಲೇ ಬೈನಾಕ್ಯುಲರ್ ಬಾಡಿಗೆಗೆ ತೆಗೆದುಕೊಳ್ಳಿ. ಅದನ್ನು ಹಿಂತಿರುಗಿಸುವವರಿಗೆ ಕೋಟಿನ ಸಾಲಿನಲ್ಲಿ ಮೊದಲು ಕೊಡುವುದು ಅಲ್ಲಿನ ಹಳೆಯ ರೂಢಿ.