ಲ್ಯಾಪ್‌ಟಾಪ್ ಬಿಸಿಯಾಗುತ್ತಿದೆ, ವೋಲ್ಟೇಜ್ ಇಳಿಸಬಹುದಾ?

ಪ್ರಶ್ನೆ: ಮಗಳು ಆರ್ಕಿಟೆಕ್ಚರ್ ಮೂರನೇ ವರ್ಷ. ಅವಳ ಲ್ಯಾಪ್‌ಟಾಪ್‌ನಲ್ಲಿರುವುದು ಇಂಟೆಲ್ ಐ7-9750ಎಚ್ ಪ್ರೊಸೆಸರ್ ಚಿಪ್. ರೆಂಡರ್‌ಗೆ (ವಿನ್ಯಾಸವನ್ನು ಚಿತ್ರವಾಗಿಸುವುದಕ್ಕೆ) ಹಾಕಿದ ಕೂಡಲೇ ಫ್ಯಾನ್ ಕಿರುಚುತ್ತದೆ, 97 ಡಿಗ್ರಿ ತೋರಿಸುತ್ತದೆ. ಪ್ರೊಸೆಸರ್‌ನ ವೋಲ್ಟೇಜ್ ಇಳಿಸು ಎಂದು ಗೆಳತಿಯರು ಹೇಳುತ್ತಾರಂತೆ. ಸುಟ್ಟುಹೋದರೆ ಇನ್ನೊಂದು ಕೊಡಿಸುವ ಶಕ್ತಿ ನಮಗಿಲ್ಲ. ಏನು ಮಾಡೋಣ?
— ಒಬ್ಬ ತಾಯಿ, ಡೊಂಬಿವಲಿ

ಉತ್ತರ: ಅಕ್ಕಾ, ಮೊದಲು ಹೆದರಿಕೆ ಬಿಡಿ. ವೋಲ್ಟೇಜ್ ಏರಿಸಿದರೆ ಚಿಪ್ ಹಾಳಾಗಬಹುದು. ಇಳಿಸಿದರೆ ಸುಡುವುದಿಲ್ಲ. ತೀರಾ ಇಳಿಸಿದರೆ ಲ್ಯಾಪ್‌ಟಾಪ್ ನಿಂತುಹೋಗುತ್ತದೆ, ಸೇವ್ ಮಾಡದ ಕೆಲಸ ಹೋಗುತ್ತದೆ. ಹುಷಾರಾಗಿರಬೇಕಾದ್ದು ಅದಕ್ಕೇ.

ಆದರೆ ಅದಕ್ಕೂ ಮುಂಚೆ ಒಮ್ಮೆ ಬಿಚ್ಚಿಸಿ ಕ್ಲೀನ್ ಮಾಡಿಸಿ. ಲ್ಯಾಮಿಂಗ್ಟನ್ ರೋಡ್ ಹತ್ತಿರದ ನನ್ನ ಮೇಜಿಗೆ ಬರುವ ಲ್ಯಾಪ್‌ಟಾಪ್‌ಗಳಲ್ಲಿ ದಿನಾ ನೋಡುವುದು ಇದನ್ನೇ: ಫ್ಯಾನ್ ತೆಗೆದರೆ, ತಾಮ್ರದ ಪೈಪಿನ ತುದಿಯ ತೆಳ್ಳನೆ ತಗಡುಗಳ ಮೇಲೆ ಬೂದು ಬಣ್ಣದ ಧೂಳು ಕಂಬಳಿಯಂತೆ ಕೂತಿರುತ್ತದೆ. ಚಿಮಟದಲ್ಲಿ ಹಿಡಿದು ಎಳೆದರೆ ಇಡೀ ಪದರ ಎದ್ದು ಬರುತ್ತದೆ. ಹೊರಗಿನಿಂದ ಎಷ್ಟು ಊದಿದರೂ ಅದು ಬರುವುದಿಲ್ಲ. ಕೆಳಗೆ, ಚಿಪ್‌ನ ಬಿಸಿಯನ್ನು ಪೈಪಿಗೆ ದಾಟಿಸುವ ಥರ್ಮಲ್ ಪೇಸ್ಟ್ ಒಣಗಿ ಸುಣ್ಣದ ಹಾಗೆ ಉದುರುತ್ತಿರುತ್ತದೆ. ಅದನ್ನೂ ಬದಲಾಯಿಸಬೇಕು.

ಈಗ ವೋಲ್ಟೇಜ್ ವಿಷಯ. ಒಂದೇ ಮಾದರಿಯ ಎರಡು ಚಿಪ್‌ಗಳು ಒಂದೇ ಥರ ಇರುವುದಿಲ್ಲ. ಎಲ್ಲವೂ ನಡೆಯಲಿ ಅಂತ ಕಂಪನಿ ಸ್ವಲ್ಪ ಜಾಸ್ತಿಯೇ ಇಟ್ಟಿರುತ್ತದೆ. ನಾವು ಇಳಿಸುವುದು ಆ ಜಾಸ್ತಿಯನ್ನು. ಚಿಪ್ ಕೆಲಸ ಮಾಡುವಾಗ ತಿನ್ನುವ ವಿದ್ಯುತ್ತು ವೋಲ್ಟೇಜ್‌ನ ವರ್ಗದ (ಅದನ್ನು ಅದರಿಂದಲೇ ಗುಣಿಸಿದ) ಲೆಕ್ಕದಲ್ಲಿ ಏರಿಳಿಯುತ್ತದೆ. 1.2 ವೋಲ್ಟ್ ಇದ್ದದ್ದು 1.1 ಆದರೆ, ವೇಗ ಅಷ್ಟೇ ಇದ್ದರೂ, ಸುಮಾರು 16 ಶೇಕಡ ಉಳಿತಾಯ. ಹಾಗಂತ ಡಿಗ್ರಿ ಧಡಕ್ಕನೆ ಇಳಿಯುತ್ತದೆ ಅಂದುಕೊಳ್ಳಬೇಡಿ. ಬಿಸಿಗೆ ಹೆದರಿ ನಿಧಾನವಾಗಿದ್ದ ಚಿಪ್ ಸಿಕ್ಕ ಉಳಿತಾಯವನ್ನು ವೇಗಕ್ಕೆ ಬಳಸಿಕೊಳ್ಳಬಹುದು. ಆಗ ಬಿಸಿ ಹೆಚ್ಚು ಇಳಿಯದಿದ್ದರೂ ರೆಂಡರ್ ಬೇಗ ಮುಗಿಯುತ್ತದೆ.

ಮಗಳು ಥ್ರಾಟಲ್‌ಸ್ಟಾಪ್ ಎಂಬ, ವೋಲ್ಟೇಜ್ ಇಳಿಸುವ ಸಾಫ್ಟ್‌ವೇರ್ ಹಾಕಿಕೊಳ್ಳಲಿ. ಕೋರ್ (ಲೆಕ್ಕ ಮಾಡುವ ಭಾಗ) ಮತ್ತು ಕ್ಯಾಶ್ (ಚಿಪ್‌ನೊಳಗಿನ ಪುಟ್ಟ ಮೆಮೊರಿ) ಎರಡಕ್ಕೂ ಮೈನಸ್ 50 ಮಿಲಿವೋಲ್ಟ್ ಕೊಟ್ಟು ಶುರು ಮಾಡಲಿ. ಎರಡು ದಿನ ದಿನನಿತ್ಯದ ಕೆಲಸ ಮಾಡಿ ನೋಡಿ, ಆಮೇಲೆ ಹತ್ತತ್ತು ಇಳಿಸಲಿ. ಬರೀ ರೆಂಡರ್ ಓಡಿಸಿ ಸರಿಯಾಯ್ತು ಅನ್ನಬಾರದು. ನಾನೊಮ್ಮೆ ಮೈನಸ್ 130ಕ್ಕೆ ಇಟ್ಟು ರಾತ್ರಿಯೆಲ್ಲ ಟೆಸ್ಟ್ ಓಡಿಸಿದ್ದೆ, ಏನೂ ಆಗಲಿಲ್ಲ. ಬೆಳಿಗ್ಗೆ ಸುಮ್ನೆ ಬ್ರೌಸರ್ ತೆರೆದಾಗ ವಿಂಡೋಸ್ ಕುಸಿದು ನೀಲಿ ಪರದೆ ಬಂತು! ಗಿರಾಕಿಯ ಮದುವೆ ವಿಡಿಯೋದ ಎರಡು ಗಂಟೆ ಎಡಿಟಿಂಗ್ ಹೋಯಿತು. ಆ ಹುಡುಗನ ಮುಖ ಇನ್ನೂ ನೆನಪಿದೆ. ಹಾಗಾಗಿ ಕಂಪ್ಯೂಟರ್ ಶುರುವಾದ ಕೂಡಲೇ ಈ ಸೆಟ್ಟಿಂಗ್ ತಾನೇ ಬರುವಂತೆ ಈಗಲೇ ಮಾಡಬೇಡಿ. ಒಂದು ವಾರ ಗಟ್ಟಿಯಾಗಿ ನಿಂತ ಮೇಲೆ ಮಾಡಿ.

ವೋಲ್ಟೇಜ್ ಇಳಿಸುವ ಆಯ್ಕೆಯೇ ಲಾಕ್ ಆಗಿರಬಹುದು. 2019ರ ಡಿಸೆಂಬರ್‌ನಲ್ಲಿ ವೋಲ್ಟೇಜ್ ಬದಲಿಸಿಯೇ ದಾಳಿ ಮಾಡಬಹುದಾದ ಪ್ಲಂಡರ್‌ವೋಲ್ಟ್ ಎಂಬ ಭದ್ರತಾ ದೋಷ ಹೊರಬಂದ ಮೇಲೆ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಬಯೋಸ್ (ಲ್ಯಾಪ್‌ಟಾಪ್ ಶುರು ಮಾಡುವ ಮೂಲ ಸಾಫ್ಟ್‌ವೇರ್) ಅಪ್‌ಡೇಟ್ ಇದನ್ನು ಮುಚ್ಚಿತು. ಅದನ್ನು ಬಿಡಿಸಲು ಹಳೆಯ ಬಯೋಸ್ ಹಾಕುವ ಸಾಹಸ ಬೇಡ. ವಿಂಡೋಸ್‌ನ ಪವರ್ ಸೆಟ್ಟಿಂಗ್‌ನಲ್ಲಿ ಪ್ರೊಸೆಸರ್‌ನ ಗರಿಷ್ಠ ಮಿತಿಯನ್ನು 99 ಶೇಕಡ ಮಾಡಿ. ಟರ್ಬೊ, ಅಂದರೆ ಚಿಪ್ ತಾನಾಗಿ ವೇಗ ಏರಿಸಿಕೊಳ್ಳುವುದು, ನಿಲ್ಲುತ್ತದೆ. 4.5 ಗಿಗಾಹರ್ಟ್ಜ್‌ವರೆಗೆ ಏರುತ್ತಿದ್ದದ್ದು 2.6ರ ಆಸುಪಾಸಿನಲ್ಲಿ ಉಳಿಯುತ್ತದೆ. ರೆಂಡರ್ ನಿಧಾನ, ಆದರೆ ಕೋಣೆಯಲ್ಲಿ ಕೂರಬಹುದು.

ಸಬ್ಮಿಷನ್ ಹತ್ತಿರ ಇದ್ದರೆ ವೋಲ್ಟೇಜ್‌ಗೆ ಈಗ ಕೈ ಹಾಕಬೇಡಿ ಅಕ್ಕಾ. ಕ್ಲೀನ್ ಮಾಡಿಸಿ ಕೊಡಿ ಸಾಕು, ಉಳಿದದ್ದನ್ನು ರಜೆಯಲ್ಲಿ ಮಗಳೇ ಮಾಡಿಕೊಳ್ಳಲಿ.