ಆ ರಾತ್ರಿ ನೀವು ಹೊರಟದ್ದೇ ಸರಿ

ಓದುಗರ ಪತ್ರ: ನಾನು ಅವಳಿ ಮಕ್ಕಳ ಬಸುರಿ. ರಜೆಯೆಂದು ಮನೆ ತುಂಬ ನೆಂಟರಿದ್ದರು. ಆಗ ನನಗೆ 29ನೇ ವಾರ. ಸಂಜೆಯಿಂದಲೇ ಹೊಟ್ಟೆ ಗಟ್ಟಿಯಾಗುವುದು, ಸಡಿಲವಾಗುವುದು ನಡೆದಿತ್ತು, ಸೊಂಟವೂ ಹಿಡಿದಿತ್ತು. ಅಷ್ಟು ಜನರ ನಡುವೆ ಹೇಳಲು ಸಂಕೋಚವಾಗಿ ಸುಮ್ಮನಿದ್ದೆ. ನಡುರಾತ್ರಿ ತಡೆಯಲಾರದೆ ಯಜಮಾನರನ್ನು ಎಬ್ಬಿಸಿ ಆಸ್ಪತ್ರೆಗೆ ಹೋದೆ. ಇಂಜೆಕ್ಷನ್ ಕೊಟ್ಟು ಎರಡು ದಿನ ಇಟ್ಟುಕೊಂಡರು. ನೋವು ನಿಂತಿತು, ಮನೆಗೆ ಕಳಿಸಿದರು. ಈಗ ಎಲ್ಲರೂ "ಏನೂ ಇಲ್ಲದ್ದಕ್ಕೆ ಗಾಬರಿ ಮಾಡಿ ರಜೆ ಕೆಡಿಸಿದೆ" ಅನ್ನುತ್ತಾರೆ. ಅತ್ತೆಯವರು ಹೆರಿಗೆಯವರೆಗೆ ಹಾಸಿಗೆ ಬಿಟ್ಟು ಏಳಬೇಡ ಎಂದಿದ್ದಾರೆ. ಇನ್ನೊಮ್ಮೆ ಹೀಗಾದರೆ ಬೆಳಗಾಗುವವರೆಗೆ ಕಾಯಲೇ? (ಹೆಸರು ಬೇಡ ಎಂದಿದ್ದಾರೆ.)

ಸಂಪಾದಕರ ಉತ್ತರ:

ಸೋದರಿ, ಕೊನೆಯ ಪ್ರಶ್ನೆಗೆ ಮೊದಲೇ ಉತ್ತರ ಹೇಳಿಬಿಡುತ್ತೇನೆ. ಕಾಯಬೇಡಿ. ಬೆಳಗಾಗುವವರೆಗೂ ಬೇಡ, ನೆಂಟರ ಊಟ ಮುಗಿಯುವವರೆಗೂ ಬೇಡ. ನಿಮ್ಮ ಪತ್ರದಲ್ಲಿ ನನ್ನನ್ನು ಕಾಡಿದ್ದು ನಡುರಾತ್ರಿಯ ಆಸ್ಪತ್ರೆ ಓಟವಲ್ಲ, ಸಂಜೆಯಿಂದ ನಡುರಾತ್ರಿಯವರೆಗೆ ನೀವು ಬಾಯಿ ಬಿಡದೆ ಕೂತದ್ದು. ನಿಮ್ಮನ್ನು ಗದರಿಸಬೇಕಾದರೆ ಅದೊಂದಕ್ಕೇ ಗದರಿಸುತ್ತೇನೆ.

ಮನೆಯವರ ಮಾತಿನಲ್ಲಿ ಹುರುಳೇ ಇಲ್ಲ ಎನ್ನಲಾರೆ. ಬಸುರಿಯ ಹೊಟ್ಟೆ ಗಟ್ಟಿಯಾದಾಗಲೆಲ್ಲ ಹೆರಿಗೆಯಾಗುವುದಿಲ್ಲ. ಹೆರಿಗೆಗೆ ಸಂಬಂಧವಿಲ್ಲದ ಈ ಬಿಗಿತಗಳನ್ನು ಬ್ರಾಕ್ಸ್‌ಟನ್ ಹಿಕ್ಸ್ ಎಂಬ ಇಂಗ್ಲಿಷ್ ವೈದ್ಯ 1872ರಲ್ಲೇ ವಿವರಿಸಿದ್ದಾನೆ, ಇಂದಿಗೂ ಅವನ ಹೆಸರಿನಲ್ಲೇ ಅವು ಪರಿಚಿತ. ಅವಧಿಗೆ ಮೊದಲೇ ನೋವು ಬಂತೆಂದು ಆಸ್ಪತ್ರೆಗೆ ಸೇರಿದವರಲ್ಲಿ ಸುಮಾರು ಅರ್ಧದಷ್ಟು ಜನ ತಿಂಗಳು ತುಂಬಿಯೇ ಹೆರುತ್ತಾರೆ. ಖರ್ಚು, ನಿದ್ದೆಗೇಡು, ಗಾಬರಿ ಎಲ್ಲವೂ ನಿಜ. ಇಷ್ಟನ್ನು ಒಪ್ಪಿಕೊಂಡೆ.

ಆದರೆ ಆ ಲೆಕ್ಕದ ಇನ್ನೊಂದು ಮಗ್ಗುಲನ್ನು ಯಾರೂ ಓದುವುದಿಲ್ಲ. ಕಲಿತ ವೈದ್ಯರು, ಪರೀಕ್ಷೆ ಮಾಡಿ, ಇಟ್ಟುಕೊಳ್ಳಲೇಬೇಕು ಎಂದು ಸೇರಿಸಿಕೊಂಡವರಲ್ಲೇ ಅರ್ಧ ಜನರಿಗೆ ನೋವು ನಿಂತು ತಿಂಗಳು ತುಂಬುತ್ತದೆ. ಅಂದರೆ ಯಾವ ನೋವು ನಿಲ್ಲುತ್ತದೆ, ಯಾವುದು ನಿಲ್ಲುವುದಿಲ್ಲ ಎಂದು ಮೊದಲ ಗಳಿಗೆಯಲ್ಲಿ ಅವರಿಗೇ ಗೊತ್ತಾಗುವುದಿಲ್ಲ. ಬಿಗಿತ ಎಷ್ಟು ನಿಮಿಷಕ್ಕೊಮ್ಮೆ ಬರುತ್ತಿದೆ ಎಂದು ಯಂತ್ರದಲ್ಲಿ ನೋಡಬೇಕು, ಗರ್ಭಕಂಠದ ಉದ್ದವನ್ನು ಸ್ಕ್ಯಾನ್‌ನಲ್ಲಿ ಅಳೆಯಬೇಕು, ಕೆಲವು ಗಂಟೆ ಬಿಟ್ಟು ಮತ್ತೆ ಪರೀಕ್ಷಿಸಿ ಅದು ತೆರೆದುಕೊಳ್ಳುತ್ತಿದೆಯೇ ಎಂದು ತಿಳಿಯಬೇಕು. ಮೂತ್ರದ ಸೋಂಕಿನಿಂದಲೂ ಹೊಟ್ಟೆ ಬಿಗಿಯಬಹುದು, ಅದನ್ನೂ ನೋಡಬೇಕು. ಇಷ್ಟೆಲ್ಲ ಆದ ಮೇಲೆ ತಿಳಿಯುವ ಸಂಗತಿಯನ್ನು, ಮನೆಯ ಪಡಸಾಲೆಯಲ್ಲಿ ಕೂತು "ಏನೂ ಇಲ್ಲ" ಎಂದು ಹೇಳುವ ಧೈರ್ಯ ಜನರಿಗೆ ಎಲ್ಲಿಂದ ಬರುತ್ತದೆ?

ಅದರ ಮೇಲೆ ನಿಮ್ಮದು ಅವಳಿ. 37 ವಾರ ತುಂಬುವ ಮೊದಲು ಆಗುವುದು ಅವಧಿಪೂರ್ವ ಹೆರಿಗೆ. ಜಗತ್ತಿನಲ್ಲಿ ಹುಟ್ಟುವ ಹತ್ತು ಮಕ್ಕಳಲ್ಲಿ ಹೆಚ್ಚುಕಡಿಮೆ ಒಂದು ಹಾಗೆ ಹುಟ್ಟುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 2020ರಲ್ಲಿ ಇಂಥ ಮಕ್ಕಳು ಸುಮಾರು 1 ಕೋಟಿ 34 ಲಕ್ಷ. ಅವಳಿಗಳಲ್ಲಾದರೋ ಅರ್ಧಕ್ಕಿಂತ ಹೆಚ್ಚು ಮಕ್ಕಳು 37 ವಾರಕ್ಕೆ ಮೊದಲೇ ಬರುತ್ತವೆ. ಎರಡು ಮಕ್ಕಳ ಭಾರಕ್ಕೆ ಗರ್ಭಕೋಶ ಬೇಗ ಹಿಗ್ಗುತ್ತದೆ, ಬೇಗ ಬಿಗಿಯತೊಡಗುತ್ತದೆ. ಒಂಟಿ ಮಗು ಹೆತ್ತವರ ಅನುಭವ ನಿಮಗೆ ಅಳತೆಯಾಗಲಾರದು. "ನನಗೂ ಹೀಗೇ ಆಗಿತ್ತು, ಬಿಸಿನೀರು ಕುಡಿದು ಮಲಗಿದೆ" ಎನ್ನುವವರ ಮಾತು ಪ್ರೀತಿಯದ್ದೇ ಇರಬಹುದು, ಆದರೆ ಅವರ ಬಸುರು ಬೇರೆ, ನಿಮ್ಮದು ಬೇರೆ.

ಈಗ ನಿಮಗೆ ಕೊಟ್ಟ ಇಂಜೆಕ್ಷನ್ನಿನ ವಿಷಯ. ಯಾವುದೆಂದು ನೀವು ಬರೆದಿಲ್ಲ, ಬಹುಶಃ ಮಕ್ಕಳ ಶ್ವಾಸಕೋಶ ಬಲಿಯಲೆಂದು ಕೊಡುವ ಸ್ಟೀರಾಯ್ಡ್ ಇರಬೇಕು. ಅದರ ಕಥೆಯನ್ನು ಯಾರಿಗೆ ಹೇಳಿದರೂ ನನಗೆ ದಣಿವಾಗುವುದಿಲ್ಲ. 1963ರಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿಯವರ ಮಗ ಪ್ಯಾಟ್ರಿಕ್ ಐದೂವರೆ ವಾರ ಮೊದಲೇ ಹುಟ್ಟಿ, ಎರಡು ದಿನ ತುಂಬುವ ಮೊದಲೇ ಉಸಿರಾಡಲಾರದೆ ತೀರಿಕೊಂಡ. ಅಷ್ಟು ದೊಡ್ಡ ದೇಶದ ಅಧ್ಯಕ್ಷನ ಕೈಯಲ್ಲೂ ಆಗ ಏನೂ ಇರಲಿಲ್ಲ. ಅದೇ ದಶಕದಲ್ಲಿ ನ್ಯೂಜಿಲೆಂಡಿನ ಗ್ರಹಾಂ ಲಿಗ್ಗಿನ್ಸ್ ಎಂಬ ವೈದ್ಯ ಹೆರಿಗೆ ಶುರುವಾಗುವುದು ಹೇಗೆಂದು ತಿಳಿಯಲು ಕುರಿಗಳ ಮೇಲೆ ಪ್ರಯೋಗ ಮಾಡುತ್ತಿದ್ದ. ದಿನ ತುಂಬದೆ ಹುಟ್ಟಿದ, ಸ್ಟೀರಾಯ್ಡ್ ಕೊಟ್ಟಿದ್ದ ಮರಿಯೊಂದು ಬದುಕಬಾರದ ವಯಸ್ಸಿನಲ್ಲಿ ಉಸಿರಾಡುತ್ತಿತ್ತು. ಅವನು ಅದನ್ನು ಕಡೆಗಣಿಸಲಿಲ್ಲ. ಮಕ್ಕಳ ವೈದ್ಯ ರಾಸ್ ಹೋವಿಯ ಜೊತೆ ಸೇರಿ 282 ತಾಯಂದಿರಲ್ಲಿ ಪರೀಕ್ಷಿಸಿ 1972ರಲ್ಲಿ ಪ್ರಕಟಿಸಿದ. ಔಷಧವಿಲ್ಲದ ಗುಂಪಿನ ಅವಧಿಪೂರ್ವ ಮಕ್ಕಳಲ್ಲಿ ನೂರಕ್ಕೆ ಸುಮಾರು 26 ಮಕ್ಕಳಿಗೆ ಉಸಿರಾಟದ ತೊಂದರೆಯಾಯಿತು, ಔಷಧ ಸಿಕ್ಕ ಗುಂಪಿನಲ್ಲಿ ಸುಮಾರು 9ಕ್ಕೆ.

ಇಷ್ಟು ಸ್ಪಷ್ಟವಾದ ಸಂಗತಿ ಎಲ್ಲ ಹೆರಿಗೆ ಕೋಣೆಗಳಿಗೆ ತಲುಪಲು ಎಷ್ಟು ಕಾಲ ಹಿಡಿಯಿತು ಗೊತ್ತೆ? ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ತಜ್ಞರು ಕೂತು ಇದನ್ನು ಕೊಡಿ ಎಂದು ಒಮ್ಮತದಿಂದ ಹೇಳಿದ್ದು 1994ರಲ್ಲಿ. ವೈದ್ಯಕೀಯ ಸಂಶೋಧನೆಗಳನ್ನು ಒಟ್ಟುಗೂಡಿಸಿ ತೂಗುವ ಕಾಕ್ರೇನ್ ಸಂಸ್ಥೆಯ ಲಾಂಛನದಲ್ಲಿರುವ ಗೆರೆಗಳು ಇದೇ ಔಷಧದ ಪ್ರಯೋಗಗಳ ಫಲಿತಾಂಶ. ನಡುವೆ ಹೋದ ಇಪ್ಪತ್ತೆರಡು ವರ್ಷಗಳಲ್ಲಿ ಉಸಿರಿಗಾಗಿ ಒದ್ದಾಡಿದ ಕೂಸುಗಳನ್ನು ನೆನೆದರೆ ನನಗೆ ಸಿಟ್ಟು ಬರುತ್ತದೆ. ಮಾತನ್ನು ಬೇಗ ಹೇಳದಿರುವುದರ ಬೆಲೆ ಅದು. ಮನೆಯೊಳಗೂ ಹಾಗೆಯೇ.

ಈ ಔಷಧಕ್ಕೆ ಬೇಕಾದದ್ದು ಹೊತ್ತು. 24 ಗಂಟೆ ಅಂತರದಲ್ಲಿ ಎರಡು, ಇಲ್ಲವೇ 12 ಗಂಟೆಗೊಮ್ಮೆ ನಾಲ್ಕು ಇಂಜೆಕ್ಷನ್. ಹೆರಿಗೆ ಅದಾದ ಒಂದು ದಿನದಿಂದ ಒಂದು ವಾರದೊಳಗೆ ಆದರೆ ಪ್ರಯೋಜನ ಹೆಚ್ಚು. ನೋವು ತಡೆಯಲು ಕೊಡುವ ಮಾತ್ರೆಗಳು ಹೆರಿಗೆಯನ್ನು ವಾರಗಟ್ಟಲೆ ಮುಂದೂಡುವುದಿಲ್ಲ, ಈ ಒಂದೆರಡು ದಿನಗಳನ್ನು ಗಳಿಸಿಕೊಡುತ್ತವೆ ಅಷ್ಟೆ. 32 ವಾರಕ್ಕೆ ಮೊದಲೇ ಹೆರಿಗೆ ಆಗುವುದು ಖಚಿತ ಎನಿಸಿದರೆ ಮಗುವಿನ ಮೆದುಳಿನ ರಕ್ಷಣೆಗೆ ಮೆಗ್ನೀಸಿಯಂ ಸಲ್ಫೇಟ್ ಕೊಡುತ್ತಾರೆ. ಎಳೆಗೂಸುಗಳ ತೀವ್ರ ನಿಗಾ ಘಟಕ (ಎನ್‌ಐಸಿಯು) ಇಲ್ಲದ ಆಸ್ಪತ್ರೆಯಾದರೆ, ಮಕ್ಕಳು ಹೊಟ್ಟೆಯಲ್ಲಿರುವಾಗಲೇ ಅದಿರುವ ಕಡೆಗೆ ತಾಯಿಯನ್ನು ಸಾಗಿಸುವುದು ಕ್ಷೇಮ. ಇದೆಲ್ಲ ಸಾಧ್ಯವಾಗುವುದು ತಾಯಿ ಬೇಗ ಬಂದರೆ ಮಾತ್ರ.

ಹೆರಿಗೆ ವಾರ್ಡಿನಲ್ಲಿ ಬಹುಕಾಲ ದುಡಿದು ನಿವೃತ್ತರಾದ ನರ್ಸ್ ಒಬ್ಬರು ನನಗೆ ಪರಿಚಿತರು. ರಜೆಯ ದಿನಗಳಲ್ಲಿ ಬಸುರಿಯರು ತಡವಾಗಿ ಬರುತ್ತಿದ್ದರು ಎಂದು ಅವರು ಹೇಳುತ್ತಾರೆ. ಬಂದವರು ಬಾಗಿಲಲ್ಲೇ "ತೊಂದರೆ ಕೊಟ್ಟೆ ಸಿಸ್ಟರ್" ಎಂದು ಕ್ಷಮೆ ಕೇಳುತ್ತಿದ್ದರಂತೆ, ನೋವಿನಲ್ಲಿ ಗೋಡೆ ಹಿಡಿದುಕೊಂಡೇ. ಹಿಂದೊಮ್ಮೆ ಓದುಗರೊಬ್ಬರು ತಮ್ಮ ಹೆಂಡತಿಯ ವಿಷಯ ಬರೆದಿದ್ದರು. ಅವರದೂ ಅವಳಿ. ಸಮಾರಂಭ ಮುಗಿಯಲಿ ಎಂದು ಆಕೆ ಕಾದರು. ಆಸ್ಪತ್ರೆ ತಲುಪಿದ ಅರ್ಧ ಗಂಟೆಯಲ್ಲಿ ಮೊದಲ ಮಗು ಹುಟ್ಟಿತು, ಇಂಜೆಕ್ಷನ್ನಿಗೆ ಹೊತ್ತೇ ಸಿಗಲಿಲ್ಲ. ಇಬ್ಬರೂ ಬದುಕಿದರು, ಆದರೆ ವಾರಗಟ್ಟಲೆ ಎನ್‌ಐಸಿಯು ಬಾಗಿಲಲ್ಲಿ ಕಾದ ನಂತರ.

ರಜೆ ಎಂದರೆ ಯಾರಿಗೆ ರಜೆ? ಕಚೇರಿಗೆ ರಜೆ, ಶಾಲೆಗೆ ರಜೆ. ಬಂದವರಿಗೆ ಬಡಿಸುವ, ಹಾಸುವ, ತೊಳೆಯುವ ಕೆಲಸ ಎರಡು ಪಟ್ಟಾಗಿ ಯಾರ ಮೇಲೆ ಬೀಳುತ್ತದೆ ಎಂದು ನಿಮಗೆ ನಾನು ಹೇಳಬೇಕಿಲ್ಲ. ಏಳು ತಿಂಗಳ ಅವಳಿ ಬಸುರಿ ನಿಂತೇ ಇರುತ್ತಾಳೆ, "ಸ್ವಲ್ಪ ಕೂತುಕೊಳ್ಳಮ್ಮ" ಎಂದವರೂ ಲೋಟ ಮುಂದೆ ಚಾಚುತ್ತಾರೆ. ಆಸ್ಪತ್ರೆಗಳೂ ರಜೆಯಲ್ಲಿ ಕಡಿಮೆ ಜನರಿಂದ ನಡೆಯುತ್ತವೆ. ನಮ್ಮ ಪತ್ರಿಕಾಲೋಕವೂ ರಜೆಯ ವಿಶೇಷ ಸಂಚಿಕೆಗಳಲ್ಲಿ ಮನೆ ಸಿಂಗರಿಸುವುದಕ್ಕೆ ಎಷ್ಟೋ ಪುಟ ಕೊಡುತ್ತದೆ, ಬಸುರಿಗೆ ಯಾವಾಗ ಏಳಬೇಕು, ಯಾರಿಗೆ ಫೋನ್ ಮಾಡಬೇಕು ಎಂದು ಹೇಳಲು ಅರ್ಧ ಪುಟವನ್ನೂ ಕೊಡುವುದಿಲ್ಲ. ಈ ಉತ್ತರ ಇಷ್ಟು ಉದ್ದವಾಗುತ್ತಿರುವುದು ಆ ಕಾರಣಕ್ಕೇ.

ಇನ್ನು ಅತ್ತೆಯವರ ಹಾಸಿಗೆ ಕಟ್ಟಳೆ. ಮನಸ್ಸು ಒಳ್ಳೆಯದು, ಆದರೆ ಮಲಗಿಯೇ ಇದ್ದರೆ ಹೆರಿಗೆ ಮುಂದಕ್ಕೆ ಹೋಗುತ್ತದೆ ಎಂಬುದಕ್ಕೆ ಆಧಾರ ಸಿಕ್ಕಿಲ್ಲ, ಅವಳಿಗಳಲ್ಲೂ ಸಿಕ್ಕಿಲ್ಲ. ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ, ಸ್ನಾಯು ಮತ್ತು ಮೂಳೆ ಸೊರಗುವ ಅಪಾಯಗಳಂತೂ ಇವೆ. ನಿಮ್ಮ ವೈದ್ಯರು ಬೇರೆ ಕಾರಣಕ್ಕೆ ಹೇಳಿದ್ದರೆ ಆ ಮಾತು ಬೇರೆ. ಇಲ್ಲವಾದರೆ ಭಾರ ಎತ್ತುವುದು, ಗಂಟೆಗಟ್ಟಲೆ ನಿಲ್ಲುವುದು ಬಿಟ್ಟು, ದಣಿವಾದಾಗ ಕೂತು, ಮನೆಯೊಳಗೆ ಓಡಾಡಿಕೊಂಡಿರಬಹುದೇ ಎಂದು ಅವರನ್ನೇ ಕೇಳಿ. ನೋವಿದ್ದಾಗ ದುಡಿಸಿ, ನೋವು ನಿಂತ ಮೇಲೆ ಮಂಚಕ್ಕೆ ಕಟ್ಟಿಹಾಕುವ ಈ ರೀತಿಯಲ್ಲಿ ಬಸುರಿಯನ್ನು ಕೇಳುವವರೇ ಇಲ್ಲ.

ಇನ್ನು ಮುಂದಿನ ವಾರಗಳಿಗೆ. ನಿಗದಿತ ಅಂತರದಲ್ಲಿ ಹೊಟ್ಟೆ ಗಟ್ಟಿಯಾಗತೊಡಗಿದರೆ, ಮುಟ್ಟಿನ ನೋವಿನಂಥ ನೋವು ಬಂದರೆ, ಸೊಂಟದ ನೋವು ಬಿಡದಿದ್ದರೆ, ಕೆಳಗೆ ಒತ್ತಿದಂತಾದರೆ, ಸ್ರಾವದ ಬಣ್ಣ ಅಥವಾ ಪ್ರಮಾಣ ಬದಲಾದರೆ ತಡಮಾಡದೆ ಆಸ್ಪತ್ರೆಗೆ ಫೋನ್ ಮಾಡಿ. ರಕ್ತ ಕಂಡರೆ, ನೀರು ಹೋದರೆ, ಮಕ್ಕಳ ಚಲನೆ ಕಡಿಮೆ ಎನಿಸಿದರೆ ಫೋನಿಗೂ ನಿಲ್ಲದೆ ಹೊರಡಿ. ಮೊದಲು ಕೊಟ್ಟ ಇಂಜೆಕ್ಷನ್ ಯಾವುದು, ಯಾವ ದಿನ, ಯಾವ ಹೊತ್ತಿಗೆ ಎಂಬುದನ್ನು ಬರೆದು ಫೈಲಿನ ಮೇಲ್ಗಡೆ ಇಡಿ. ಮತ್ತೆ ಕೊಡಬೇಕೇ ಬೇಡವೇ ಎಂದು ನಿರ್ಧರಿಸಲು ಡ್ಯೂಟಿಯಲ್ಲಿರುವ ಹೊಸ ಡಾಕ್ಟರಿಗೆ ಅದು ಬೇಕಾಗುತ್ತದೆ. ನಿಮ್ಮ ಡಾಕ್ಟರ್ ರಜೆಯಲ್ಲಿದ್ದರೆ ಯಾರನ್ನು ಕಾಣಬೇಕು, ಎಳೆಗೂಸುಗಳ ಘಟಕ ಯಾವ ಆಸ್ಪತ್ರೆಯಲ್ಲಿದೆ ಎಂಬುದನ್ನು ಯಜಮಾನರು ಈ ವಾರವೇ ವಿಚಾರಿಸಿಕೊಳ್ಳಲಿ.

ಈ ಪುಟವನ್ನು ಅತ್ತೆಯವರಿಗೂ ಓದಿ ಹೇಳಿ, ಬೇಸರ ಮಾಡಿಕೊಂಡರೆ ನನ್ನ ಮೇಲೆ ಹಾಕಿ. ಮಕ್ಕಳು ಹುಟ್ಟಿದ ಮೇಲೆ, ನಿಮಗೆ ಬಿಡುವಾದಾಗ, ಒಂದು ಸಾಲು ಬರೆಯಿರಿ.